ಕೆಮ್ಮು, ಗಂಜಿ ಮತ್ತು ಒಂದು ತೂಕದ ಯಂತ್ರ

2023ರ ಜನವರಿಯಲ್ಲಿ ನಮ್ಮ ಆಫೀಸಿನಲ್ಲಿ ತೂಕ ಇಳಿಸುವ ಸ್ಪರ್ಧೆ ಇಟ್ಟಿದ್ದರು. ನಾನಾಗ ವಿಶಾಖಪಟ್ಟಣದ ಋಷಿಕೊಂಡದಲ್ಲಿ ಕೆಲಸ, ಮಧುರವಾಡದಲ್ಲಿ ಬಾಡಿಗೆ ಕೋಣೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ವಿಜಯವಾಡದಲ್ಲಿ, ಯಾಕೆಂದರೆ ಅವಳ ಬ್ಯಾಂಕ್ ಕೆಲಸ ಅಲ್ಲಿ. ಶನಿವಾರ ಮಧ್ಯಾಹ್ನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆ ಮನೆ. ಉಳಿದ ದಿನಗಳಲ್ಲಿ ಊಟ ಎಂದರೆ ಹೋಟೆಲು, ಚಹಾ, ಇನ್ನೊಂದು ಚಹಾ. ಐದಡಿ ಒಂಬತ್ತಿಂಚಿನ ನನಗೆ 68 ಕಿಲೋ ತೂಕವಿತ್ತು, ಜೊತೆಗೆ ಸ್ವಲ್ಪ ಹೊಟ್ಟೆ. ಮೊಬೈಲಿನ ಆ್ಯಪ್ ಹೇಳಿದಂತೆ ದಿನಕ್ಕೆ 16 ಗಂಟೆ ಉಪವಾಸ ಶುರು ಮಾಡಿದೆ. ಮಾರ್ಚ್ ಕೊನೆಗೆ 62ಕ್ಕೆ ಬಂದೆ. ಬಹುಮಾನವಾಗಿ ಒಂದು ನೀರಿನ ಬಾಟಲಿ ಕೊಟ್ಟರು.

ಆಮೇಲೆ ಉಪವಾಸ ಬಿಟ್ಟೆ. ತೂಕ ಮಾತ್ರ ತಾನಾಗಿಯೇ ಇಳಿಯುತ್ತಲೇ ಹೋಯಿತು. 60, 57, 54. ನೋಡಿದವರೆಲ್ಲ "ಏನ್ ಸಾರ್, ಹೀರೋ ಆಗ್ಬಿಟ್ರಿ" ಎನ್ನುತ್ತಿದ್ದರು. ನಾನು ಖುಷಿಪಡುತ್ತಿದ್ದೆ. ಜೊತೆಗೊಂದು ಒಣ ಕೆಮ್ಮು ಇತ್ತು. ಎಸಿ ಇರಬಹುದು, ಬಂದರಿನ ಧೂಳಿರಬಹುದು ಎಂದುಕೊಂಡೆ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೂರು ಸುತ್ತು ಆ್ಯಂಟಿಬಯೋಟಿಕ್ ಕೊಟ್ಟರು. ಯಾರೂ ತೂಕ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಜುಲೈ ಕೊನೆಯಲ್ಲಿ ಒಬ್ಬ ಸಹೋದ್ಯೋಗಿ ಬಲವಂತವಾಗಿ ಪೆದ್ದ ವಾಲ್ತೇರಿನ ಎದೆರೋಗಗಳ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಎಕ್ಸ್‌ರೇ, ಕಫದ ಪರೀಕ್ಷೆ. ಕ್ಷಯ. ತೂಕ 49 ಕಿಲೋ.

ಈ ಲೇಖನ ಆ ಆರು ತಿಂಗಳಲ್ಲಿ ನಾನು ತಿಂದದ್ದರ ಬಗ್ಗೆ. ಔಷಧಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅದನ್ನು ಸರ್ಕಾರ ಉಚಿತವಾಗಿ ಕೊಟ್ಟಿತು, ನಾನು ಒಂದು ದಿನವೂ ತಪ್ಪಿಸದೆ ನುಂಗಿದೆ, ಅದು ತನ್ನ ಕೆಲಸ ಮಾಡಿತು. ಊಟದ ವಿಷಯದಲ್ಲಿ ಮಾತ್ರ ನಾವೆಲ್ಲರೂ, ಎರಡೆರಡು ಡಿಗ್ರಿ ಇದ್ದವರೂ ಸೇರಿ, ಮೂರು ವಾರ ತಪ್ಪು ಮಾಡಿದೆವು.

ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. (ಕಂಪನಿಯ ಹೆಸರು ಬೇಡ. ಒಪ್ಪಿಗೆ ಬೇಗ ಕೊಟ್ಟರು ನಿಜ. ನನ್ನ ಮೇಜನ್ನು ಎರಡು ಸಲ ಸ್ಯಾನಿಟೈಸ್ ಮಾಡಿಸಿದ್ದೂ ನಿಜ.) ವಿಜಯವಾಡಕ್ಕೆ ಬಂದೆ. ಕಿಟಕಿ ಚೆನ್ನಾಗಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಪಾವಗಡದ ಹತ್ತಿರದ ನಮ್ಮ ಹಳ್ಳಿಯಿಂದ ಅಮ್ಮ ಬೆಂಗಳೂರಿಗೆ ಬಂದು, ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಇಳಿದಳು. ಪಾವಗಡದ ಕಡೆಯವರಿಗೆ ತೆಲುಗು ಬೇರೆ ಭಾಷೆಯೇ ಅಲ್ಲ. ಎರಡೇ ದಿನದಲ್ಲಿ ಅಮ್ಮನೂ ಕೆಳಮನೆಯ ಪಿನ್ನಿಗಾರೂ "ವದಿನಾ, ವದಿನಾ" ಎಂದು ಒಂದಾದರು. ಒಂದಾದವರು ಮಾಡಿದ ಮೊದಲ ಕೆಲಸ ನನಗೆ ಪಥ್ಯ ಹಾಕಿದ್ದು.

ಆಂಧ್ರದಲ್ಲಿ ಪಥ್ಯಂ ಎಂದರೆ ಬೀರಕಾಯ, ಅಂದರೆ ನಮ್ಮ ಹೀರೆಕಾಯಿ. ಜೊತೆಗೆ ಮಿರಿಯಾಲ ಚಾರು, ಅಂದರೆ ಮೆಣಸಿನ ಸಾರು. ಬದನೆ ಕೂಡದು, ಗೋಂಗೂರ ಕೂಡದು, ಆವಕಾಯ ಅಂತೂ ಹೆಸರೆತ್ತಬಾರದು. ಅಮ್ಮನ ಪಟ್ಟಿಯಲ್ಲಿ ಹಾಲು ಕಫ, ಮೊಸರು ಶೀತ, ಬಾಳೆಹಣ್ಣು ಶೀತ, ಬೇಳೆ ವಾಯು, ಕಡಲೆಬೀಜ ಪಿತ್ತ. ಮೊಟ್ಟೆಯ ಪ್ರಶ್ನೆಯೇ ಇರಲಿಲ್ಲ, ನಮ್ಮ ಮನೆಯೊಳಗೆ ಅದು ಬಂದದ್ದೇ ಇಲ್ಲ. ಎರಡೂ ಪಟ್ಟಿ ಸೇರಿಸಿ ಕಳೆದರೆ ಉಳಿಯುವುದು ಗಂಜಿ, ಸಾರು, ಹೀರೆಕಾಯಿ ಪಲ್ಯ, ಎರಡು ರಸ್ಕು. "ಹೊಟ್ಟೆಗೆ ಹಗುರಾಗಿರ್ಬೇಕಪ್ಪ, ಅರಗ್ಬೇಕು" ಎಂದು ಅಮ್ಮ. ನನಗೂ ಹಸಿವಿರಲಿಲ್ಲ, ಒಪ್ಪಿಕೊಂಡೆ.

ಹಸಿವು ಯಾಕಿರುವುದಿಲ್ಲ ಎಂಬುದು ಆಮೇಲೆ ಓದಿ ತಿಳಿದ ವಿಷಯ. ಶ್ವಾಸಕೋಶದಲ್ಲಿ ರೋಗಾಣು ಬೇರೂರಿದಾಗ ರೋಗನಿರೋಧಕ ಕೋಶಗಳು ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುತ್ತವೆ. ಉರಿಯೂತ ಎನ್ನುವುದು ಇವುಗಳ ಕೆಲಸ. ಜ್ವರ ಬರಿಸುವುದು, ಹಸಿವು ಕೊಲ್ಲುವುದು, ಮೈಕೈ ನೋಯಿಸಿ ಮಲಗಿಸುವುದು ಇವೇ. ಮೈ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಶಕ್ತಿಯ ಖರ್ಚು ಶೇಕಡಾ 10ರಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಏರುತ್ತದೆ. ಖರ್ಚು ಜಾಸ್ತಿ, ಆದಾಯ ಕಡಿಮೆ. ಆಗ ದೇಹ ಉಳಿತಾಯದ ಖಾತೆಗೆ ಕೈ ಹಾಕುತ್ತದೆ. ಕೊಬ್ಬು ಕರಗಿದರೆ ನಮಗೆ ಬೇಸರವಿಲ್ಲ. ಆದರೆ ಯಕೃತ್ತಿಗೆ ಸಿ-ರಿಯಾಕ್ಟಿವ್ ಪ್ರೋಟೀನಿನಂಥ ತುರ್ತು ಪ್ರೋಟೀನುಗಳನ್ನು ತಯಾರಿಸಲು ಅಮೈನೋ ಆಮ್ಲಗಳು ಬೇಕು, ರೋಗನಿರೋಧಕ ಕೋಶಗಳು ಸಾವಿರಗಟ್ಟಲೆ ಹೊಸದಾಗಿ ಹುಟ್ಟಲೂ ಅವೇ ಬೇಕು. ಅವುಗಳನ್ನು ಕೂಡಿಟ್ಟ ದೊಡ್ಡ ಉಗ್ರಾಣ ಎಂದರೆ ಸ್ನಾಯು. ಊಟದಿಂದ ಬರದಿದ್ದರೆ ತೊಡೆ, ತೋಳಿನಿಂದ ತೆಗೆಯುತ್ತದೆ. ಉಸಿರಾಡಿಸುವ, ಕೆಮ್ಮಿ ಕಫ ಹೊರಹಾಕಿಸುವ ಸ್ನಾಯುಗಳೂ ಆ ಲೆಕ್ಕದಲ್ಲೇ ಬರುತ್ತವೆ.

ಈ ಸೈಟೋಕೈನುಗಳಲ್ಲಿ ಒಂದರ ಹೆಸರು ಟಿಎನ್‌ಎಫ್. ಗಡ್ಡೆ ಕರಗಿಸುವ ವಸ್ತುವೆಂದು ಒಂದು ಕಡೆ, ಪ್ರಾಣಿಗಳನ್ನು ಸೊರಗಿಸುವ 'ಕ್ಯಾಕೆಕ್ಟಿನ್' ಎಂಬ ವಸ್ತುವೆಂದು ಇನ್ನೊಂದು ಕಡೆ ವಿಜ್ಞಾನಿಗಳು ಹುಡುಕುತ್ತಿದ್ದರು. 1985ರ ಸುಮಾರಿಗೆ ಎರಡೂ ಒಂದೇ ಎಂದು ಗೊತ್ತಾಯಿತು. ಕ್ಷಯದ ಗಾಯವನ್ನು ಗೋಡೆ ಕಟ್ಟಿ ಕಾಯುವುದೂ ಅದೇ, ಮೈಯನ್ನು ಸವೆಸುವುದೂ ಅದೇ. ನಮ್ಮ ಹಿರಿಯರು ರೋಗಕ್ಕೆ ಇಟ್ಟ ಹೆಸರೇ ಸವೆತ ಎಂಬ ಅರ್ಥದ್ದು.

ಮೂರು ವಾರದ ನಂತರ ಕ್ಷಯ ಘಟಕಕ್ಕೆ ಹೋದಾಗ ಜ್ವರ ಬಿಟ್ಟಿತ್ತು, ಕೆಮ್ಮು ಅರ್ಧ ಆಗಿತ್ತು, ತೂಕ 48.5. ಅಲ್ಲಿನ ಮೇಲ್ವಿಚಾರಕರು ಕಾರ್ಡು ನೋಡಿ, ತೆಲುಗಿನಲ್ಲಿ, "ಸಾರ್, ಮಾತ್ರೆ ಕೆಲಸ ಮಾಡ್ತಿದೆ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರಿ, ಹೇಳಿ" ಎಂದರು. ಹೇಳಿದೆ. ಅವರು ಏನೂ ಬೈಯಲಿಲ್ಲ. "ಆಪರೇಷನ್ ಆದವರಿಗೆ ಮೊದಲ ದಿನ ಕೊಡೋ ಊಟ ಇದು. ನೀವು ಮೂರು ವಾರ ಅದರಲ್ಲೇ ಇದ್ದೀರಿ" ಎಂದರು ಅಷ್ಟೆ.

ಮನೆಗೆ ಬಂದು ಎಕ್ಸೆಲ್ ತೆರೆದೆ. ನಮ್ಮ ಜಾತಿಯವರಿಗೆ, ಅಂದರೆ ಸಾಫ್ಟ್‌ವೇರ್ ಜಾತಿಯವರಿಗೆ, ಅಳು ಬಂದಾಗಲೂ ಅದೇ ತೆರೆಯುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ಅಕ್ಕಿಗೆ ಸುಮಾರು 8 ಗ್ರಾಂ ಪ್ರೋಟೀನು, 356 ಕ್ಯಾಲರಿ. ಮೂರು ಹೊತ್ತಿನ ಗಂಜಿಗೆ ಒಟ್ಟು 150 ಗ್ರಾಂ ಅಕ್ಕಿ. ಅಂದರೆ 12 ಗ್ರಾಂ ಪ್ರೋಟೀನು, 530 ಕ್ಯಾಲರಿ. ತಿಳಿಸಾರು, ಹೀರೆಕಾಯಿ, ರಸ್ಕು ಎಲ್ಲ ಸೇರಿಸಿ ಉದಾರವಾಗಿ ಲೆಕ್ಕ ಹಾಕಿದರೂ 900 ಕ್ಯಾಲರಿ, 20 ಗ್ರಾಂ ಪ್ರೋಟೀನು ದಾಟಲಿಲ್ಲ. ಆರೋಗ್ಯವಂತರಿಗೇ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ಕಾಯಿಲೆಯಲ್ಲಿ 1.2ರಿಂದ 1.5 ಗ್ರಾಂ. ನನಗೆ ಬೇಕಿದ್ದದ್ದು 60ರಿಂದ 75. ಜನವರಿಯ ಉಪವಾಸವನ್ನು ನಾನು ಬಿಟ್ಟಿದ್ದೆ, ಉಪವಾಸ ನನ್ನನ್ನು ಬಿಟ್ಟಿರಲಿಲ್ಲ.

ಅದೇ ಆಗಸ್ಟ್ ತಿಂಗಳಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ 'ರೇಷನ್ಸ್' ಎಂಬ ಪ್ರಯೋಗದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂದಿತ್ತು. 2,800 ಕ್ಷಯ ರೋಗಿಗಳಿಗೆ ಔಷಧಿಯ ಜೊತೆ ತಿಂಗಳಿಗೆ ಸುಮಾರು ಹತ್ತು ಕಿಲೋದ ಆಹಾರದ ಬುಟ್ಟಿ. ಅದರಲ್ಲೇನು ದಿವ್ಯೌಷಧಿ ಇತ್ತು ಎಂದು ನೋಡಿದರೆ ಅಕ್ಕಿ, ಹುರಿದ ಕಡಲೆಯ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 1,200 ಕ್ಯಾಲರಿ, 52 ಗ್ರಾಂ ಪ್ರೋಟೀನು ಹೆಚ್ಚುವರಿಯಾಗಿ. ಆ ರೋಗಿಗಳಲ್ಲಿ ಹತ್ತಕ್ಕೆ ಎಂಟು ಮಂದಿಗೂ ಹೆಚ್ಚು ಜನ ಚಿಕಿತ್ಸೆ ಶುರುವಾಗುವಾಗಲೇ ಅಪೌಷ್ಟಿಕರು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು.

ಈ ಸಂಖ್ಯೆಯನ್ನು ಹುಷಾರಾಗಿ ಓದಬೇಕು. ರೋಗಿಗಳೆಲ್ಲರಿಗೂ ಆಹಾರ ಕೊಟ್ಟದ್ದರಿಂದ ಅವರಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಗುಣವಾಗುತ್ತಿದ್ದವರಿಗೇ ಹಸಿವು ಮರಳಿ ತೂಕ ಬಂದಿರಲೂಬಹುದು. ಇದಕ್ಕೆ ವಿರುದ್ಧವಾಗಿ ಕಾಣುವ ಒಂದು ಹಳೆಯ ಪ್ರಯೋಗವೂ ಇದೆ, ಅದು ನಡೆದದ್ದು ಮದ್ರಾಸಿನಲ್ಲಿ. 1956ರಲ್ಲಿ ಆರಂಭಿಸಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಕೆಲವರನ್ನು ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟು, ಉಳಿದವರನ್ನು ಅವರವರ ಬಡ ಮನೆಗಳಲ್ಲೇ ಇರಿಸಿ, ಇಬ್ಬರಿಗೂ ಅದೇ ಔಷಧಿ ಕೊಟ್ಟರು. ಸ್ಯಾನಟೋರಿಯಂನವರು ತೂಕದಲ್ಲಿ ಮುಂದೆ ಹೋದರು. ಆದರೆ ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಹೋದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. 1959ರಲ್ಲಿ ಇದು ಪ್ರಕಟವಾದ ಮೇಲೆ ಪ್ರಪಂಚದಾದ್ಯಂತ ಕ್ಷಯದ ಚಿಕಿತ್ಸೆ ಮನೆಗೆ ಬಂತು. ನನ್ನಂಥವನು ತಿಂಗಳುಗಟ್ಟಲೆ ಯಾವುದೋ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಮಲಗದೆ ಮಗಳ ದನಿ ಕೇಳುತ್ತ ಗುಣವಾದದ್ದು ಆ ಪ್ರಯೋಗದ ಋಣ. ರೋಗಾಣುವನ್ನು ಕೊಲ್ಲುವುದು ಔಷಧಿ, ಊಟವಲ್ಲ. ಯಾರಾದರೂ ಆಹಾರದಿಂದಲೇ ವಾಸಿಮಾಡುತ್ತೇನೆ ಎಂದರೆ ಅವರಿಂದ ದೂರ ಇರಿ. ಆದರೆ ಆ ಪ್ರಯೋಗದಿಂದ ಜನ ಇನ್ನೊಂದು ಪಾಠವನ್ನೂ ಕಲಿತರು: ಊಟದಿಂದ ಏನೂ ವ್ಯತ್ಯಾಸವಿಲ್ಲ ಎಂದು. ಅದು ಆ ಪ್ರಯೋಗ ಹೇಳಿದ್ದಲ್ಲ. ಯಾರು ಬದುಕಿ ಉಳಿಯುತ್ತಾರೆ, ಯಾರು ಎದ್ದು ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ಮುಂದೆ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗಳು ಬೇರೆ.

ಹೊಸ ಊಟದ ಪಟ್ಟಿಗೆ ಬಜಾರಿನಲ್ಲಿ ಸಿಗದ ಯಾವ ಸಾಮಾನೂ ಬೇಕಾಗಲಿಲ್ಲ. ಪಟಮಟ ಕಡೆಯ ರೈತು ಬಜಾರಿನಿಂದಲೇ ಎಲ್ಲ ಬಂತು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಹಾಲು ಹಾಕಿದ ರಾಗಿ ಅಂಬಲಿ. ಮಧ್ಯಾಹ್ನ ಅನ್ನಕ್ಕೆ ಮುನಗಾಕು ಪಪ್ಪು, ಅಂದರೆ ನುಗ್ಗೆಸೊಪ್ಪು ಹಾಕಿದ ಗಟ್ಟಿ ತೊವ್ವೆ. ನೀರಾದ ಸಾರಲ್ಲ, ಕೈಯಲ್ಲಿ ಕಲಸಿದರೆ ಅಂಟುವ ತೊವ್ವೆ. ಸಂಜೆ ಹುರಿಗಡಲೆ ಪುಡಿ ಕದಡಿದ ಮಜ್ಜಿಗೆ. ರಾತ್ರಿ ಪೆಸರಟ್ಟು, ಅರವತ್ತು ಗ್ರಾಂ ಹೆಸರುಕಾಳಿನಲ್ಲಿ 13-14 ಗ್ರಾಂ ಪ್ರೋಟೀನು, ವಿಜಯವಾಡದವರು ಇದನ್ನು ತಿಂಡಿ ಎಂದು ಕರೆದು ಅವಮಾನ ಮಾಡುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ಉಲವಚಾರು, ನಮ್ಮ ಹುರುಳಿಕಟ್ಟಿನ ಸಾರಿನ ಅಣ್ಣ. ಒಂದೇ ಸಲಕ್ಕೆ ಇಷ್ಟೆಲ್ಲ ಇಳಿಯುವುದಿಲ್ಲ, ಬಾಯಿ ಕಹಿ, ಹೊಟ್ಟೆ ತೊಳಸು. ಹಾಗಾಗಿ ದಿನಕ್ಕೆ ಆರು ಸಲ, ಸಣ್ಣ ಸಣ್ಣ ಬಟ್ಟಲು. ತುಪ್ಪ, ಕಡಲೆಬೀಜ ಸೇರಿಸಿದರೆ ತಿನ್ನುವ ಗಾತ್ರ ಹೆಚ್ಚದೆ ಕ್ಯಾಲರಿ ಹೆಚ್ಚುತ್ತದೆ. ವೈಜಾಗಿನ ಗೆಳೆಯನೊಬ್ಬ ಅರಕು ಕಡೆಯ ರಾಗಿ ಕಳಿಸಿದ. ಉತ್ತರಾಂಧ್ರದಲ್ಲಿ ಅದಕ್ಕೆ ಚೋಡಿ ಎನ್ನುತ್ತಾರೆ, ಆದರೆ ಅದರಿಂದ ಮಾಡುವುದಕ್ಕೆ ಅಂಬಲಿ ಎಂದೇ ಹೆಸರು. ಆ ಒಂದು ಮಾತಿಗೆ ಅಮ್ಮ ಕರಗಿದಳು.

ಹಾಲು ಮೊಸರಿಗೆ ಮಾತ್ರ ಸುಲಭಕ್ಕೆ ಕರಗಲಿಲ್ಲ. ಕಫ ಹೆಚ್ಚಾಗುತ್ತದೆ ಎಂಬ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಆಸ್ಟ್ರೇಲಿಯಾದಲ್ಲಿ ಅರವತ್ತು ಜನ ಸ್ವಯಂಸೇವಕರಿಗೆ ನೆಗಡಿಯ ವೈರಸ್ ಕೊಟ್ಟು, ಅವರು ಕುಡಿದ ಹಾಲನ್ನೂ ಸೀನಿದ ಸಿಂಬಳವನ್ನೂ ತೂಗಿ ನೋಡಿದ್ದಾರೆ, 1990ರಲ್ಲಿ ಪ್ರಕಟವಾಗಿದೆ. ಹಾಲು ಕುಡಿದವರಿಗೆ ಸಿಂಬಳ ಹೆಚ್ಚಾಗಲಿಲ್ಲ. ಹಾಲು ಎಂಜಲಿನೊಡನೆ ಬೆರೆತು ಗಂಟಲಲ್ಲಿ ಸ್ವಲ್ಪ ಹೊತ್ತು ದಪ್ಪ ಅನ್ನಿಸುತ್ತದೆ, ಅಷ್ಟೆ. ಇದನ್ನು ತೆಲುಗಿನಲ್ಲಿ ಪಿನ್ನಿಗಾರಿಗೂ ವಿವರಿಸಿದೆ. "ಸಿಂಬಳ ತೂಗಿದ್ರಾ? ಓದಿದೋರಿಗೆ ಬೇರೆ ಕೆಲಸ ಇಲ್ವಾ?" ಎಂದರು. ಆದರೆ ಮರುದಿನದಿಂದ ಎರಡು ಬೇಯಿಸಿದ ಮೊಟ್ಟೆ ಅವರ ಅಡುಗೆಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಮೇಲೆ ಬರತೊಡಗಿದವು. ಅಮ್ಮ ಆ ಹೊತ್ತಿಗೆ ಸರಿಯಾಗಿ ದೇವರ ಮುಂದೆ ಕೂರುತ್ತಿದ್ದಳು. ಡಬ್ಬಿಯನ್ನು ತೊಳೆದು ವಾಪಸ್ ಕೊಡುತ್ತಿದ್ದವಳೂ ಅವಳೇ.

ವಾಟ್ಸಾಪಿನಲ್ಲಿ ಸಲಹೆಗಳ ಮಳೆಯೂ ಸುರಿಯುತ್ತಿತ್ತು. ಅರಿಶಿನ ಹಾಲು ಹಿತ. ಆದರೆ ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ, ಲಾಭ ಬಹುಪಾಲು ಹಾಲಿನದ್ದು. ವಿಟಮಿನ್ ಸಿ ದಿನವೂ ತೆಗೆದುಕೊಳ್ಳುವ ದೊಡ್ಡವರಲ್ಲಿ ನೆಗಡಿಯ ಅವಧಿ ಶೇಕಡಾ 8ರಷ್ಟು ಕಡಿಮೆಯಾಗುತ್ತದೆ ಎಂದು 2013ರ ಕೊಕ್ರೇನ್ ಪರಾಮರ್ಶೆ ಹೇಳುತ್ತದೆ. ಅಂದರೆ ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ, ಅದೂ ಮೊದಲೇ ಅಭ್ಯಾಸವಿದ್ದರೆ. ನೆಗಡಿ ಬಂದ ಮೇಲೆ ನುಂಗಿದರೆ ಖಚಿತ ಲಾಭ ಕಂಡಿಲ್ಲ. ವಿಟಮಿನ್ ಡಿ ಬಗ್ಗೆ 2017ರಲ್ಲಿ 25 ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಉಸಿರಾಟದ ಸೋಂಕು ಸ್ವಲ್ಪ ಕಡಿಮೆಯಾಗುತ್ತದೆ ಎಂದಿದ್ದರು. 2025ರ ಹೊತ್ತಿಗೆ 46 ಪ್ರಯೋಗಗಳಾದಾಗ ಆ ಲಾಭ ಲೆಕ್ಕಕ್ಕೆ ಸಿಗದಷ್ಟು ತೆಳ್ಳಗಾಯಿತು. ಕೊರತೆ ಇದ್ದವರು ತುಂಬಿಸಿಕೊಳ್ಳಲಿ, ಅದು ಬೇರೆ ಮಾತು. ಕಬ್ಬಿಣದ ಟಾನಿಕ್ಕನ್ನು ಮಾತ್ರ ಸೋಂಕಿನ ನಡುವೆ ನಿಮ್ಮಷ್ಟಕ್ಕೆ ಶುರು ಮಾಡಬೇಡಿ. ರೋಗಾಣುವಿಗೂ ಕಬ್ಬಿಣ ಬೇಕು ಎಂದು ಗೊತ್ತಿರುವ ದೇಹ ಉರಿಯೂತದ ಹೊತ್ತಿನಲ್ಲಿ ಅದನ್ನು ಬೇಕೆಂದೇ ಬಚ್ಚಿಡುತ್ತದೆ. ಕ್ಷಯದ ಐಸೋನಿಯಾಜಿಡ್ ಮಾತ್ರೆಯೊಂದಿಗೆ ಬಿ6 ಕೊಡುತ್ತಾರೆ, ಅದನ್ನು ಬಿಡಬಾರದು. ಮೀನು ತಿನ್ನುವ ವೈಜಾಗಿನ ಗೆಳೆಯರಿಗೆ ಇನ್ನೊಂದು ಮಾತು: ಅದೇ ಮಾತ್ರೆ ತೆಗೆದುಕೊಳ್ಳುವಾಗ ಟ್ಯೂನಾ ಜಾತಿಯ ಮೀನು, ಅದರಲ್ಲೂ ಐಸಿನಲ್ಲಿ ಸರಿಯಾಗಿಡದ್ದು, ಕೆಲವರಿಗೆ ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ನನ್ನ ಪಟ್ಟಿಯನ್ನು ನಕಲು ಮಾಡದೆ ವೈದ್ಯರನ್ನು ಕೇಳಬೇಕು.

ಎರಡು ತಿಂಗಳಾದಾಗ ತೂಕ 52 ಆಗಿತ್ತು. ಕ್ಷಯದ ಮಾತ್ರೆಯನ್ನು ತೂಕ ನೋಡಿ ಕೊಡುತ್ತಾರೆ, 49ರವರೆಗೆ ದಿನಕ್ಕೆ ಮೂರು, 50 ದಾಟಿದರೆ ನಾಲ್ಕು. ನಾಲ್ಕನೆಯ ಮಾತ್ರೆ ಸಿಕ್ಕಿದ ದಿನ ನೀರಿನ ಬಾಟಲಿ ಸಿಕ್ಕಿದ ದಿನಕ್ಕಿಂತ ಹೆಚ್ಚು ಖುಷಿಯಾಯಿತು. ನಿಕ್ಷಯ್ ಪೋಷಣ್ ಯೋಜನೆಯ 500 ರೂಪಾಯಿ ಖಾತೆಗೆ ಬಂತು. 2018ರಲ್ಲಿ ಶುರುವಾದ ಈ ಯೋಜನೆಯ ಮೊತ್ತ 2024ರ ನವೆಂಬರಿನಿಂದ 1,000 ಆಗಿದೆ. ನನ್ನ ಸಂಬಳದವನಿಗೆ ಆ ಹಣ ನೋಡಿ ಮುಜುಗರವಾಯಿತು. ಘಟಕದ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಆಟೋನಗರದ ವೆಲ್ಡರ್‌ಗೆ ಅದೇ ಒಂದು ತಿಂಗಳ ಮೊಟ್ಟೆ, ಬೇಳೆ.

ಅದೇ ವಾರ ಆರೋಗ್ಯ ಕಾರ್ಯಕರ್ತೆಯೊಬ್ಬರು ಮನೆಗೆ ಬಂದರು. ಮೊದಲೇ ಎಲ್ಲರಿಗೂ ಎಕ್ಸ್‌ರೇ ಆಗಿತ್ತು, ಮಗಳಿಗೂ ಹೆಂಡತಿಗೂ ರೋಗ ಬಾರದಂತೆ ತಡೆಯುವ ಮಾತ್ರೆ ನಡೆಯುತ್ತಿತ್ತು. ಅವರು ಚೀಲದಿಂದ ತೂಕದ ಯಂತ್ರ ತೆಗೆದು ನನ್ನನ್ನು ಬಿಟ್ಟು ಉಳಿದವರನ್ನು ನಿಲ್ಲಲು ಹೇಳಿದರು. ಹೆಂಡತಿ, "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಎಂದಳು. ಐದಡಿ ಮೂರಿಂಚಿನ ಅವಳ ತೂಕ 43 ಕಿಲೋ. ಎತ್ತರಕ್ಕೆ ತಕ್ಕ ಕನಿಷ್ಠ ತೂಕಕ್ಕಿಂತ ನಾಲ್ಕೈದು ಕಿಲೋ ಕಡಿಮೆ. ಮನೆಯಲ್ಲಿ ಎರಡು ತಿಂಗಳಿಂದ ಎಲ್ಲರ ಕಣ್ಣೂ ನನ್ನ ತಟ್ಟೆಯ ಮೇಲೆ ಇತ್ತು. ಬೆಳಗ್ಗೆ ಐದಕ್ಕೆ ಎದ್ದು, ಆರು ಬಟ್ಟಲಿನ ತಯಾರಿ ಮಾಡಿಟ್ಟು, ಮಗಳನ್ನು ಸ್ಕೂಲಿಗೆ ಬಿಟ್ಟು, ಬ್ಯಾಂಕಿಗೆ ಓಡುವವಳು ತನ್ನ ಡಬ್ಬಿಗೆ ಏನು ಹಾಕಿಕೊಳ್ಳುತ್ತಿದ್ದಳೆಂದು ನನ್ನ ಎಕ್ಸೆಲ್‌ನಲ್ಲಿ ಕಾಲಮ್ಮೇ ಇರಲಿಲ್ಲ. ರಾತ್ರಿ ಕೇಳಿದೆ. ಮೊಸರನ್ನ. ತೊವ್ವೆ ನನಗೆ ಸಾಲದಾದೀತು ಎಂದು.

ಮಂಗಳೂರಿನವರ ಪ್ರಯೋಗದ ಇನ್ನೊಂದು ಭಾಗ ಆಗ ಬೇರೆ ರೀತಿ ಓದಿಸಿಕೊಂಡಿತು. ಅವರು ರೋಗಿಗಳ ಮನೆಯವರು 10,345 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಇಲ್ಲಿ ನಿಜವಾದ ಹೋಲಿಕೆ ಇತ್ತು. ಒಂದು ಗುಂಪಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ. ಇನ್ನೊಂದು ಗುಂಪಿನಲ್ಲಿ ರೋಗಿಗೆ ಮಾತ್ರ ಬುಟ್ಟಿ. 2022ರ ಜುಲೈವರೆಗೆ ನೋಡಿದಾಗ ಬೇಳೆ ಸಿಗದ 4,724 ಮಂದಿಯಲ್ಲಿ 122 ಜನಕ್ಕೆ ಕ್ಷಯ ಬಂದಿತ್ತು, ಸಿಕ್ಕಿದ 5,621 ಮಂದಿಯಲ್ಲಿ 96 ಜನಕ್ಕೆ. ಎಲ್ಲ ಲೆಕ್ಕ ಹಾಕಿದಾಗ ಶೇಕಡಾ 39ರಷ್ಟು ಇಳಿಕೆ, ಕಫದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯದಲ್ಲಿ ಶೇಕಡಾ 48. ಒಂದೂವರೆ ಕಿಲೋ ಬೇಳೆ ಎಂದರೆ ದಿನಕ್ಕೆ ಐವತ್ತು ಗ್ರಾಂ, ಒಂದು ಹಿಡಿಗೆ ಸ್ವಲ್ಪ ಹೆಚ್ಚು.

ಮಾರನೆಯ ದಿನದಿಂದ ಕುಕ್ಕರಿಗೆ ಎರಡರಷ್ಟು ಬೇಳೆ ಬಿತ್ತು. ಇದನ್ನು ಮೊದಲು ಮಾಡಿದ್ದು ನಾನಲ್ಲ, ಅಮ್ಮ. ಸೊಸೆಯ ಡಬ್ಬಿಯನ್ನು ತಾನೇ ತುಂಬಿ, ಮುಚ್ಚಳ ಒತ್ತಿ, "ವಾಪಸ್ ಬರೋವಾಗ ಖಾಲಿ ಇರ್ಬೇಕು" ಎಂದು ಕೈಗಿಟ್ಟಳು. ಪಿನ್ನಿಗಾರ ಸ್ಟೀಲ್ ಡಬ್ಬಿಯಲ್ಲಿ ಮೊಟ್ಟೆ ನಾಲ್ಕಾದವು.

2024ರ ಜನವರಿ ಕೊನೆಗೆ ನನ್ನ ಚಿಕಿತ್ಸೆ ಮುಗಿಯಿತು, ತೂಕ 59. ಬಂದದ್ದರಲ್ಲಿ ಎಷ್ಟು ಸ್ನಾಯು, ಎಷ್ಟು ಕೊಬ್ಬು ಎಂಬ ಅನುಮಾನ ನನಗಿತ್ತು, ಕೃಷ್ಣೆಯ ದಂಡೆಯಲ್ಲಿ ನಡೆಯಲು ಶುರು ಮಾಡಿದೆ. ಹೆಂಡತಿ 48 ದಾಟಿದಳು. ಈಗ ಮತ್ತೆ ವೈಜಾಗ್, ಮತ್ತೆ ಶನಿವಾರದ ರತ್ನಾಚಲ್, ಮಧುರವಾಡದ ಕೋಣೆಯಲ್ಲಿ ಒಂದು ಕುಕ್ಕರ್. ಆಫೀಸಿನಲ್ಲಿ ಈ ವರ್ಷವೂ ಸ್ಪರ್ಧೆ ಇತ್ತು, ನಾನು ಹೆಸರು ಕೊಡಲಿಲ್ಲ. ವಿಜಯವಾಡದ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ತೂಕದ ಯಂತ್ರ ಹೊರಗೆ ಬರುತ್ತದೆ. ಮೊದಲು ಮಗಳು, ಆಮೇಲೆ ಅವಳಮ್ಮ, ಕೊನೆಗೆ ನಾನು. ಊರಿನಿಂದ ಅಮ್ಮ ಫೋನಿನಲ್ಲಿ ಮೂರೂ ಅಂಕೆಗಳನ್ನು ಕೇಳಿ ಬರೆದುಕೊಳ್ಳುತ್ತಾಳೆ. ಅವಳದೆಷ್ಟು ಎಂದು ಕೇಳಿದರೆ ಮಾತ್ರ ಸಿಗ್ನಲ್ ಹೋಗುತ್ತದೆ.